ಹೆರಿಗೆ ತರಗತಿಯಲ್ಲಿ ಅತ್ತೆಗೂ ಒಂದು ಚಾಪೆ

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಒಂದೆರಡು ತಲೆಮಾರಿನಲ್ಲಿ ಹೆರಿಗೆ ಮನೆಯ ಹಿಂಭಾಗದ ಕೋಣೆಯಿಂದ ಆಸ್ಪತ್ರೆಯ ವಾರ್ಡಿಗೆ ಬಂದಿದೆ. ಇದರಿಂದ ಉಳಿದ ಜೀವಗಳು ಕಡಿಮೆಯಲ್ಲ. 2018–20ರ ಲೆಕ್ಕದಲ್ಲಿ ರಾಜ್ಯದ ತಾಯಿ ಮರಣ ಪ್ರಮಾಣ ಒಂದು ಲಕ್ಷ ಜೀವಂತ ಜನನಕ್ಕೆ 69ಕ್ಕೆ ಇಳಿದಿದೆ. ಆದರೆ ಹೆರಿಗೆ ಆಸ್ಪತ್ರೆಗೆ ಹೋಗುವಾಗ, ಹೆರಿಗೆಯ ಬಗ್ಗೆ ಮನೆಯಲ್ಲಿ ನಡೆಯುತ್ತಿದ್ದ ಕಲಿಕೆ ಮಾತ್ರ ಅದರ ಜೊತೆ ಹೋಗಲಿಲ್ಲ. ಅದು ಮನೆಯಲ್ಲೂ ಉಳಿಯಲಿಲ್ಲ.

ಹಿಂದೆ ಮನೆಯ ಹೆಣ್ಣುಮಕ್ಕಳು ಅಕ್ಕನ ಹೆರಿಗೆ, ಚಿಕ್ಕಮ್ಮನ ಹೆರಿಗೆ ಎಂದು ಬಾಗಿಲಾಚೆ ಕೂತು ಕೇಳಿಸಿಕೊಂಡೇ ಬೆಳೆದವರು. ನೋವು ಬರುತ್ತದೆ, ಹೋಗುತ್ತದೆ, ನಡುವೆ ಬಿಡುವು ಕೊಡುತ್ತದೆ, ಇಡೀ ರಾತ್ರಿ ಹಿಡಿದರೂ ಹಿಡಿಯಬಹುದು ಎಂಬುದು ಅವರಿಗೆ ಯಾರೂ ಪಾಠ ಮಾಡದೆ ಗೊತ್ತಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅಂಥವರು ಬರೀ ಮಗು ಹಿಡಿಯುತ್ತಿರಲಿಲ್ಲ. ಬಸುರಿಯ ಸೊಂಟ ನೀವುತ್ತಾ, ನಡೆಸುತ್ತಾ, ಮಾತಾಡಿಸುತ್ತಾ ಹೊತ್ತು ದಾಟಿಸುತ್ತಿದ್ದರು. ಆ ಕಾಲಕ್ಕೆ ವಾಪಸ್ ಹೋಗೋಣ ಎಂದು ನಾನು ಹೇಳುತ್ತಿಲ್ಲ. ರಕ್ತಸ್ರಾವಕ್ಕೆ, ನಂಜಿಗೆ ಬಲಿಯಾದ ಬಾಣಂತಿಯರ ನೆನಪು ಎಷ್ಟೋ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ನನ್ನ ಮಾತು ಇಷ್ಟೇ: ಇವತ್ತಿನ ಚೊಚ್ಚಲ ಬಸುರಿ ಹೆರಿಗೆ ಕೋಣೆಯ ಒಳಗನ್ನು ಮೊದಲ ಸಲ ನೋಡುವುದು ನೋವು ಹತ್ತಿದ ಮೇಲೆ. ಅಲ್ಲಿಯವರೆಗೆ ಆಕೆ ನೋಡಿದ ಹೆರಿಗೆಯೆಲ್ಲ ಸಿನಿಮಾದ್ದು, ಧಾರಾವಾಹಿಯದ್ದು. ಅಲ್ಲಿ ನೀರು ಒಡೆಯುತ್ತದೆ, ಕಿರುಚಾಟ ಕೇಳುತ್ತದೆ, ಎರಡು ನಿಮಿಷದಲ್ಲಿ ಮಗು ಅಳುತ್ತದೆ.

ಈ ಖಾಲಿ ಜಾಗ ತುಂಬುವುದಕ್ಕೆಂದೇ ಹೆರಿಗೆ ತರಗತಿಗಳು ಬಂದಿವೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಎಷ್ಟೋ ಖಾಸಗಿ ಆಸ್ಪತ್ರೆಗಳು ಶನಿವಾರವೋ ಭಾನುವಾರವೋ ತರಗತಿ ಇಡುತ್ತವೆ. ಬಹಳಷ್ಟು ಕಡೆ ಅದರ ಸ್ವರೂಪ ಒಂದೇ. ಸಾಲು ಕುರ್ಚಿ, ಎದುರಿಗೆ ಪರದೆ. ಡಾಕ್ಟರು ಅರ್ಧ ಗಂಟೆ, ಆಹಾರ ತಜ್ಞೆ ಅರ್ಧ ಗಂಟೆ, ಫಿಸಿಯೋಥೆರಪಿಸ್ಟ್ ಸ್ವಲ್ಪ ಹೊತ್ತು. ಕೊನೆಗೆ ‘ಏನಾದರೂ ಪ್ರಶ್ನೆ ಇದೆಯಾ?’ ಎಂದಾಗ ಎಲ್ಲರೂ ಸುಮ್ಮನಿರುತ್ತಾರೆ. ಪ್ರಶ್ನೆ ಇಲ್ಲ ಎಂದಲ್ಲ. ನೂರು ಪ್ರಶ್ನೆ ಇದ್ದರೂ ಅಪರಿಚಿತರ ನಡುವೆ, ಗಂಡನ ಪಕ್ಕ ಕೂತು, ‘ಹೆರಿಗೆ ಹೊತ್ತಲ್ಲಿ ಮಲ ವಿಸರ್ಜನೆ ಆಗಿಬಿಟ್ಟರೆ ಸಿಸ್ಟರ್ ಬೈತಾರಾ?’ ಎಂದು ಯಾರು ಕೇಳುತ್ತಾರೆ? ಬಹಳ ಹೆಂಗಸರ ಮನಸ್ಸಿನಲ್ಲಿರುವ ನಿಜವಾದ ಭಯ ಅದೇ ಆಗಿರುತ್ತದೆ.

ಇಂಥ ತರಗತಿಗಳಿಂದ ಏನು ಪ್ರಯೋಜನ ಎಂದು ಸಂಶೋಧಕರು ಅಳೆದು ನೋಡಿದ್ದಾರೆ. ಆರೋಗ್ಯ ಸಂಶೋಧನೆಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ 9 ಅಧ್ಯಯನಗಳು, 2,284 ಹೆಂಗಸರು ಇದ್ದರು. ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವ ಪಾಠಗಳಿಂದ ಇಂಥದೇ ಲಾಭ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ ಎಂಬುದು ಅದರ ತೀರ್ಮಾನ. ಪಾಠ ಮಾಡುವವರಿಗೆ ಇದು ಕಹಿ ಸುದ್ದಿ. ಆದರೂ ನಾನಿದನ್ನು ಮುಚ್ಚಿಡಬಾರದು ಎನ್ನುವವಳು. ‘ಪಾಠ’ ಎಂಬ ಒಂದೇ ಪದದ ಕೆಳಗೆ ಉಪನ್ಯಾಸವೂ ಬರುತ್ತದೆ, ಅಭ್ಯಾಸವೂ ಬರುತ್ತದೆ. ಒಳ್ಳೆಯದೂ ಕೆಟ್ಟದ್ದೂ ಬರುತ್ತದೆ. ಹಾಗಾಗಿ ತರಗತಿ ಇಡಬೇಕೋ ಬೇಡವೋ ಎಂದು ಕೇಳುವುದಕ್ಕಿಂತ, ತರಗತಿಯಲ್ಲಿ ಏನು ಕಲಿಸುತ್ತೇವೆ, ಹೇಗೆ ಕಲಿಸುತ್ತೇವೆ, ಯಾರನ್ನು ಕೂರಿಸಿಕೊಂಡು ಕಲಿಸುತ್ತೇವೆ ಎಂದು ಕೇಳಿಕೊಳ್ಳುವುದು ಲೇಸು.

ಏನು ಕಲಿಸಬೇಕು ಎಂಬ ಪ್ರಶ್ನೆಗೆ ಒಂದು ಇತಿಹಾಸವೂ ಇದೆ. ಇಂಗ್ಲೆಂಡಿನ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಭಯದಿಂದ ಮೈ ಬಿಗಿಯುತ್ತದೆ, ಬಿಗಿದ ಮೈ ನೋವನ್ನು ಹೆಚ್ಚಿಸುತ್ತದೆ ಎಂದು ವಾದಿಸಿದರು. ಫ್ರಾನ್ಸಿನ ಫರ್ನಾಂಡ್ ಲಮಾಜ್ 1951ರಲ್ಲಿ ಸೋವಿಯತ್ ರಷ್ಯಾಕ್ಕೆ ಹೋಗಿ, ಅಲ್ಲಿ ಗರ್ಭಿಣಿಯರಿಗೆ ಕೊಡುತ್ತಿದ್ದ ತರಬೇತಿಯನ್ನು ನೋಡಿ ಬಂದು ಪ್ಯಾರಿಸ್ಸಿನಲ್ಲಿ ಉಸಿರಾಟದ ಅಭ್ಯಾಸ ಆರಂಭಿಸಿದರು. ‘ಲಮಾಜ್ ತರಗತಿ’ ಎಂಬ ಹೆಸರು ಹುಟ್ಟಿದ್ದು ಹಾಗೆ. 1960ರಲ್ಲಿ ಅಮೆರಿಕದಲ್ಲಿ ಅದಕ್ಕೊಂದು ಸಂಘವೇ ಹುಟ್ಟಿತು. ನೋವಿನ ಬಗ್ಗೆ ಹೆಂಗಸಿನ ಜೊತೆ ಮೊದಲೇ ಮಾತಾಡಬೇಕು ಎಂದು ಒಪ್ಪಿಸಿದ್ದು ಈ ಇಬ್ಬರ ದೊಡ್ಡ ಕೊಡುಗೆ. ಆದರೆ ಅದರ ನೆರಳಲ್ಲಿ ಒಂದು ಕೇಡೂ ಬೆಳೆಯಿತು. ಸರಿಯಾಗಿ ಉಸಿರಾಡಿದರೆ ನೋವೇ ಇರುವುದಿಲ್ಲ ಎಂಬ ಭರವಸೆ ಕೊಟ್ಟಾಗ, ಕೂಗಿದವಳು ತಾನು ಸೋತೆ ಎಂದುಕೊಂಡಳು. ಇವತ್ತಿಗೂ ಕೆಲವು ತರಗತಿಗಳಲ್ಲಿ ಈ ಧಾಟಿ ಕೇಳುತ್ತದೆ. ಹೆರಿಗೆಯಲ್ಲಿ ಕೂಗುವುದು ತಪ್ಪಲ್ಲ. ಇದನ್ನು ಮೊದಲ ದಿನವೇ, ಗಂಡನಿಗೂ ಕೇಳುವ ಹಾಗೆ ಹೇಳಬೇಕು.

ಆಮೇಲಿನ ದಶಕಗಳಲ್ಲಿ ಬಲವಾದ ಪುರಾವೆ ಸಿಕ್ಕಿದ್ದು ಬಹಳ ಸರಳ ಸಂಗತಿಗಳಿಗೆ. ಮೊದಲನೆಯದು ಜೊತೆಗಾರರು. ಹೆರಿಗೆಯ ಉದ್ದಕ್ಕೂ ಒಬ್ಬರು ಬಿಡದೆ ಪಕ್ಕದಲ್ಲಿದ್ದರೆ ಏನಾಗುತ್ತದೆ ಎಂದು 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನಗಳನ್ನು ಕಾಕ್ರೇನ್ 2017ರಲ್ಲಿ ಒಟ್ಟುಗೂಡಿಸಿತು. ಸಿಸೇರಿಯನ್ ಸಾಧ್ಯತೆ ಸುಮಾರು ಕಾಲು ಭಾಗ ಕಡಿಮೆ. ಹೆರಿಗೆಯ ಅವಧಿ ಸರಾಸರಿ 40 ನಿಮಿಷ ಕಡಿಮೆ. ಹೆರಿಗೆಯ ಅನುಭವ ಕೆಟ್ಟದಾಗಿತ್ತು ಎಂದವರೂ ಕಡಿಮೆ. ಇದೇ ಫಲ ಕೊಡುವ ಮಾತ್ರೆಯೊಂದು ಬಂದಿದ್ದರೆ ಎಲ್ಲ ಆಸ್ಪತ್ರೆಯ ಔಷಧ ಅಂಗಡಿಯಲ್ಲೂ ಇರುತ್ತಿತ್ತು! ಎರಡನೆಯದು ಓಡಾಟ. ಗರ್ಭಕೋಶದ ಬಾಯಿ ತೆರೆದುಕೊಳ್ಳುವ ಹಂತದಲ್ಲಿ ಮಂಚದ ಮೇಲೆ ಮಲಗಿರುವುದಕ್ಕಿಂತ ನಿಂತು, ನಡೆದು, ಕುಳಿತು ಇದ್ದವರಿಗೆ ಆ ಹಂತ ಸರಾಸರಿ ಒಂದು ಗಂಟೆ 22 ನಿಮಿಷದಷ್ಟು ಬೇಗ ಮುಗಿಯಿತು ಎನ್ನುತ್ತದೆ 2013ರ ಇನ್ನೊಂದು ವಿಮರ್ಶೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದೇ ದಾರಿಯದು: ಅಪಾಯವಿಲ್ಲದ ಹೆರಿಗೆಯಲ್ಲಿ ನೀರು, ಆಹಾರ ಕೊಡಿ, ಎಲ್ಲರಿಗೂ ಎನಿಮಾ, ಎಲ್ಲರಿಗೂ ಕೂದಲು ಬೋಳಿಸುವುದು, ಎಲ್ಲರಿಗೂ ಯೋನಿದ್ವಾರ ಕತ್ತರಿಸಿ ಹೊಲಿಗೆ ಹಾಕುವುದು ಬೇಡ.

ಆದರೆ ಪುರಾವೆ ಹಿಡಿದು ಪಾಠ ಮಾಡುತ್ತೇನೆ ಎಂದು ಹೊರಟವರು ತಮಗೆ ಪ್ರಿಯವಾದ ಪುರಾವೆಯನ್ನಷ್ಟೇ ಆಯ್ದುಕೊಳ್ಳುವಂತಿಲ್ಲ. ‘ಸಹಜ ಹೆರಿಗೆ’ಯ ಅಭಿಮಾನಿಗಳು ಬೆನ್ನಿಗೆ ಕೊಡುವ ನೋವು ನಿವಾರಕ ಚುಚ್ಚುಮದ್ದಿನಿಂದ, ಅಂದರೆ ಎಪಿಡ್ಯೂರಲ್‌ನಿಂದ ಸಿಸೇರಿಯನ್ ಹೆಚ್ಚುತ್ತದೆ ಎಂದು ಹೆದರಿಸುವುದುಂಟು. 2018ರ ಕಾಕ್ರೇನ್ ವಿಮರ್ಶೆಯಲ್ಲಿ ಅದು ನಿಜವೆಂದು ಕಾಣಲಿಲ್ಲ. ಹಾಗೆಯೇ ನೋವು ತಾನಾಗಿ ಬರುವ ಮುಂಚೆ ಔಷಧ ಕೊಟ್ಟು ಬರಿಸಿದರೆ ಆಪರೇಷನ್ ಖಚಿತ ಎಂಬ ಮಾತಿದೆ. ಅಮೆರಿಕದಲ್ಲಿ 6,000ಕ್ಕೂ ಹೆಚ್ಚು ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಅರೈವ್’ ಅಧ್ಯಯನದಲ್ಲಿ 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಸಿಸೇರಿಯನ್ ಪ್ರಮಾಣ ಶೇ. 18.6, ಕಾದವರಲ್ಲಿ ಶೇ. 22.2. ಅಲ್ಲಿಯ ಆಸ್ಪತ್ರೆಯ ಸೌಲಭ್ಯವೇ ಬೇರೆ, ನಮ್ಮ ತಾಲ್ಲೂಕು ಆಸ್ಪತ್ರೆಯ ಪರಿಸ್ಥಿತಿಯೇ ಬೇರೆ. ಆ ಅಂಕಿಯನ್ನು ಹಾಗೆಯೇ ತಂದು ಇಲ್ಲಿ ಅಂಟಿಸಲಾಗದು. ಹಾಗೆಂದು ಅದನ್ನು ಮುಚ್ಚಿಡುವುದೂ ಸಲ್ಲದು. ತರಗತಿಗೆ ಬಂದ ಮನೆಯವರು ನಮ್ಮ ಪಕ್ಷಕ್ಕೆ ಸೇರಲು ಬಂದವರಲ್ಲ.

ಇನ್ನು ಹೇಗೆ ಕಲಿಸಬೇಕು ಎಂಬುದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಬಹಳ ತರಗತಿಗಳು ಸೋಲುವುದು ಇಲ್ಲೇ.

ಒಂದು ಬಲೂನು, ಒಂದು ಪಿಂಗ್‌ಪಾಂಗ್ ಚೆಂಡು ತನ್ನಿ. ಚೆಂಡನ್ನು ಬಲೂನಿನೊಳಗೆ ಹಾಕಿ ಊದಿ, ಬಾಯಿ ಕೆಳಗೆ ಬರುವ ಹಾಗೆ ಹಿಡಿಯಿರಿ. ಚೆಂಡು ಬಲೂನಿನ ಕುತ್ತಿಗೆಗೆ ಬಂದು ಕೂರುತ್ತದೆ. ಈಗ ಎರಡೂ ಕೈಯಿಂದ ಮೇಲ್ಭಾಗವನ್ನು ಒತ್ತಿ, ಬಿಡಿ, ಒತ್ತಿ, ಬಿಡಿ. ಮೊದಲ ಹತ್ತಾರು ಒತ್ತಿಗೆ ಏನೂ ಆದಂತೆ ಕಾಣುವುದಿಲ್ಲ. ಆದರೆ ಉದ್ದಕ್ಕಿದ್ದ ಕುತ್ತಿಗೆ ಮೆಲ್ಲಗೆ ಗಿಡ್ಡವಾಗುತ್ತಾ ತೆಳ್ಳಗಾಗುತ್ತದೆ. ಆಮೇಲೆ ಬಾಯಿ ತೆರೆಯತೊಡಗುತ್ತದೆ. ಕೊನೆಗೊಮ್ಮೆ ಚೆಂಡು ಹೊರಬೀಳುತ್ತದೆ. ಹೆರಿಗೆ ಪಾಠ ಮಾಡುವವರಲ್ಲಿ ದೇಶ ದೇಶಗಳಲ್ಲಿ ಬಳಕೆಯಲ್ಲಿರುವ ಆಟ ಇದು. ನೋವು ಹತ್ತಿ ಆರು ಗಂಟೆಯಾದರೂ ಸಿಸ್ಟರ್ ಬಂದು ‘ಇನ್ನೂ ಎರಡೇ ಬೆರಳು’ ಎಂದಾಗ ಮನೆಮಂದಿಯೆಲ್ಲ ಗಾಬರಿಯಾಗುತ್ತಾರಲ್ಲ, ಆಗ ಈ ಬಲೂನು ಕಣ್ಣೆದುರು ಬರಬೇಕು. ಬಾಯಿ ತೆರೆಯುವ ಮುನ್ನ ತೆಳ್ಳಗಾಗುವ ಕೆಲಸವಿದೆ, ಆ ಆರು ಗಂಟೆಯ ನೋವು ಆ ಕೆಲಸ ಮಾಡಿದೆ ಎಂದು ಅವರಿಗೆ ಹೊಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಈಗ ಬಿರುಸಿನ ಹಂತ ಶುರುವಾಗುವುದು ಬಾಯಿ 5 ಸೆಂಟಿಮೀಟರ್ ತೆರೆದಾಗ ಎನ್ನುತ್ತದೆ. ಅದಕ್ಕೂ ಮುಂಚಿನ ಹಂತಕ್ಕೆ ಇಷ್ಟೇ ಗಂಟೆ ಎಂಬ ಲೆಕ್ಕವಿಲ್ಲ. ಆ ಹೊತ್ತಿನಲ್ಲಿ ‘ಯಾಕೆ ತಡವಾಗ್ತಿದೆ, ಆಪರೇಷನ್ ಮಾಡಿಬಿಡಿ’ ಎಂದು ಮನೆಯವರೇ ಡಾಕ್ಟರ ಮೇಲೆ ಒತ್ತಡ ಹಾಕುವುದು ನಮ್ಮಲ್ಲಿ ಅಪರೂಪವಲ್ಲ. ಬಲೂನನ್ನು ಶಿಕ್ಷಕಿಯ ಕೈಯಲ್ಲೇ ಇಟ್ಟುಕೊಂಡರೆ ಸಾಲದು. ಗಂಡನ ಕೈಗೆ ಕೊಡಬೇಕು, ಅತ್ತೆಯ ಕೈಗೆ ಕೊಡಬೇಕು. ಚೆಂಡು ಹೊರಗೆ ಬರುವಷ್ಟರಲ್ಲಿ ಅವರ ಕೈ ಸೋಲುತ್ತದೆ. ಅದೂ ಪಾಠವೇ.

ಎರಡನೆಯದು ಮಂಜುಗಡ್ಡೆ. ಹೆರಿಗೆ ನೋವಿನ ಒಂದು ಅಲೆ ಸುಮಾರು ಒಂದು ನಿಮಿಷದ್ದು. ಒಂದು ತುಂಡು ಮಂಜುಗಡ್ಡೆಯನ್ನು ಅಂಗೈಯಲ್ಲಿ ಒಂದು ನಿಮಿಷ ಹಿಡಿಯಲು ಹೇಳಿ. ಮೊದಲ ಸಲ ಸುಮ್ಮನೆ ಹಿಡಿಯಲಿ. ಎರಡನೇ ಸಲ ನಿಧಾನವಾಗಿ ಉಸಿರು ಬಿಡುತ್ತಾ. ಮೂರನೇ ಸಲ ಜೊತೆಗಾರರು ಸೊಂಟದ ಮೇಲೆ ಅಂಗೈ ಒತ್ತಿ, ‘ಅರ್ಧ ಮುಗೀತು, ಇನ್ನು ಸ್ವಲ್ಪ’ ಎನ್ನುತ್ತಾ ಇರಲಿ. ಯಾವುದು ಹಗುರವೆನಿಸಿತು ಎಂದು ಅವರೇ ಹೇಳಲಿ. ಮಂಜುಗಡ್ಡೆಯ ಚಳಿಗೂ ಹೆರಿಗೆ ನೋವಿಗೂ ಸಾಟಿಯಿಲ್ಲ ಎಂದು ಮೊದಲೇ ಹೇಳಿಬಿಡಬೇಕು, ಮೋಸ ಮಾಡಬಾರದು. ನೋವು ಬಂದಾಗ ಮೈ ಬಿಗಿಯದಿರುವುದು ಮತ್ತು ಪಕ್ಕದಲ್ಲೊಬ್ಬರ ದನಿ ಇರುವುದು, ಇವೆರಡನ್ನೂ ಮೈಗೆ ಪರಿಚಯ ಮಾಡಿಸುವುದಷ್ಟೇ ಉದ್ದೇಶ. ಈ ಅಭ್ಯಾಸದಲ್ಲಿ ಗಂಡಂದಿರು ಬದಲಾಗುವುದನ್ನು ನೋಡಬೇಕು. ಕುರ್ಚಿಯಲ್ಲಿ ಕೂತು ಮೊಬೈಲು ತಿಕ್ಕುತ್ತಿದ್ದವರು ಎದ್ದು ಬಂದು, ಎಲ್ಲಿ ಒತ್ತಬೇಕು, ಎಷ್ಟು ಜೋರಾಗಿ ಒತ್ತಬೇಕು ಎಂದು ಕೇಳತೊಡಗುತ್ತಾರೆ. ಅವರಿಗೆ ಬೇಕಾಗಿದ್ದದ್ದು ಮಾಡಲೊಂದು ಕೆಲಸ.

ಮೂರನೆಯ ಅಭ್ಯಾಸ ಚೀಟಿಗಳದ್ದು. ನನಗೆ ಬಹಳ ಮುಖ್ಯವೆನಿಸುವುದು ಇದೇ. ಹತ್ತು ಹನ್ನೆರಡು ರಟ್ಟಿನ ಚೀಟಿ ಮಾಡಿ. ಒಂದೊಂದರ ಒಂದು ಮಗ್ಗುಲಲ್ಲಿ ಒಂದು ಆಸೆ, ಇನ್ನೊಂದು ಮಗ್ಗುಲಲ್ಲಿ ಅದರ ವಿರುದ್ಧ. ‘ನಾರ್ಮಲ್ ಹೆರಿಗೆ’ಯ ಹಿಂದೆ ‘ಆಪರೇಷನ್’. ‘ಅಮ್ಮ ಪಕ್ಕದಲ್ಲಿರುತ್ತಾಳೆ’ಯ ಹಿಂದೆ ‘ಒಳಗೆ ಯಾರನ್ನೂ ಬಿಡುವುದಿಲ್ಲ’. ‘ಮಗು ಕೂಡಲೇ ಎದೆಗೆ ಬರುತ್ತದೆ’ಯ ಹಿಂದೆ ‘ಮಗುವನ್ನು ಐಸಿಯುಗೆ ಒಯ್ಯುತ್ತಾರೆ’. ಮೊದಲು ಎಲ್ಲ ಚೀಟಿಯನ್ನೂ ತಮಗೆ ಬೇಕಾದ ಮಗ್ಗುಲಿಗೆ ಜೋಡಿಸಿಕೊಳ್ಳಲಿ. ಆಮೇಲೆ ಮೂರನ್ನು ಮಗುಚಲೇಬೇಕು ಎಂದು ಹೇಳಿ. ಯಾವ ಮೂರು? ಆಗ ಗಂಡ ಹೆಂಡತಿ ನಿಜವಾಗಿ ಮಾತಾಡತೊಡಗುತ್ತಾರೆ. ‘ಆಪರೇಷನ್ ಆದ್ರೂ ಪರವಾಗಿಲ್ಲ, ನೀನು ಒಳಗೆ ಇರಬೇಕು’ ಎಂದು ಹೆಂಡತಿ ಹೇಳಿದ್ದನ್ನು ಗಂಡ ಮೊದಲ ಸಲ ಕೇಳುವುದು ಅಲ್ಲಿಯೇ. ಆಪರೇಷನ್ನಿನ ಪಾಠವೂ ತಾನಾಗಿಯೇ ತೆರೆದುಕೊಳ್ಳುತ್ತದೆ: ಬೆನ್ನಿಗೆ ಚುಚ್ಚುಮದ್ದು ಕೊಟ್ಟರೆ ಎಚ್ಚರ ಇರುತ್ತದೆ, ಮಗುವನ್ನು ಅಲ್ಲೇ ನೋಡಬಹುದು, ಹಾಲೂಡಿಸಬಹುದು.

ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4ರಷ್ಟು ಹೆರಿಗೆಗಳು ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3 ಎನ್ನುತ್ತದೆ 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ಈ ಅಂತರ ಬರೀ ಬಸುರಿಯರ ಆರೋಗ್ಯದಿಂದ ಬಂದದ್ದಲ್ಲ, ಅದನ್ನು ಪ್ರಶ್ನಿಸಲೇಬೇಕು. ಆದರೆ ತರಗತಿಯಲ್ಲಿ ಕೂತ ಹೆಂಗಸರಲ್ಲಿ ಹಲವರಿಗೆ ಆಪರೇಷನ್ ಆಗುತ್ತದೆ, ಕೆಲವರಿಗೆ ಅದೇ ಜೀವ ಉಳಿಸುತ್ತದೆ. ಸಿಸೇರಿಯನ್ನನ್ನು ಬೈದು ಪಾಠ ಮಾಡಿ ಕಳಿಸಿದರೆ ಆ ಹೆಂಗಸರು ಮಗುವಿನ ಜೊತೆಗೆ ಅಪರಾಧಭಾವವನ್ನೂ ಹೊತ್ತು ಮನೆಗೆ ಹೋಗುತ್ತಾರೆ.

ಪ್ರಶ್ನೆ ಕೇಳುವುದನ್ನೂ ಆಡಿಸಿಯೇ ಕಲಿಸಬೇಕು. ‘ನಿಮ್ಮ ಹಕ್ಕು, ಕೇಳಿ’ ಎಂದು ಹೇಳಿಬಿಡುವುದು ಸುಲಭ. ಬಿಳಿ ಕೋಟಿನ ಮುಂದೆ ನಿಂತಾಗ ಓದಿದವರಿಗೂ ಬಾಯಿ ಕಟ್ಟುತ್ತದೆ. ಒಬ್ಬರು ಡಾಕ್ಟರಾಗಲಿ, ಒಬ್ಬರು ಬಸುರಿಯ ತಾಯಿಯಾಗಲಿ. ಕೇಳಬೇಕಾದ್ದು ನಾಲ್ಕೇ ಮಾತು: ‘ಡಾಕ್ಟ್ರೇ, ಇದರಿಂದ ಏನು ಅನುಕೂಲ? ಏನು ತೊಂದರೆ ಇರಬಹುದು? ಬೇರೆ ದಾರಿ ಇದೆಯಾ? ಸ್ವಲ್ಪ ಹೊತ್ತು ಕಾದರೆ ಏನಾಗುತ್ತೆ?’ ಇದನ್ನು ಜಗಳದ ದನಿಯಲ್ಲೂ ಕೇಳಬಹುದು, ವಿನಯದ ದನಿಯಲ್ಲೂ ಕೇಳಬಹುದು. ಎರಡನ್ನೂ ಆಡಿ ತೋರಿಸಿದರೆ ಯಾವುದಕ್ಕೆ ಉತ್ತರ ಸಿಗುತ್ತದೆ ಎಂದು ಅವರಿಗೇ ಗೊತ್ತಾಗುತ್ತದೆ. ಮತ್ತೆ ಇನ್ನೊಂದು: ಮಗುವಿನ ಎದೆಬಡಿತ ಬಿದ್ದಾಗ, ರಕ್ತ ಹರಿಯುವಾಗ ಈ ನಾಲ್ಕು ಪ್ರಶ್ನೆಗೆ ವೇಳೆ ಇರುವುದಿಲ್ಲ. ‘ಇದು ತುರ್ತಾ?’ ಎಂಬ ಒಂದೇ ಪ್ರಶ್ನೆ ಸಾಕು, ಹೌದು ಎಂದರೆ ಸಹಿ ಹಾಕಿ ದಾರಿ ಬಿಡಬೇಕು. ಈ ವ್ಯತ್ಯಾಸ ಕಲಿಸದಿದ್ದರೆ ನಮ್ಮ ಪಾಠವೇ ಅಪಾಯ ತಂದೀತು.

ಅಪಾಯದ ಲಕ್ಷಣಗಳ ಪಾಠ ಚಿಕ್ಕದು, ಆದರೆ ಪ್ರತಿ ತರಗತಿಯಲ್ಲೂ ಬರಬೇಕು. ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಫಿಟ್ಸ್, ಜ್ವರ, ನೋವಿಲ್ಲದೆ ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು. ಇವುಗಳಲ್ಲಿ ಯಾವುದು ಕಂಡರೂ ‘ಬೆಳಿಗ್ಗೆ ನೋಡೋಣ’ ಎನ್ನುವಂತಿಲ್ಲ. ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿವೆ ಎಂದು ಥಡಿಯಸ್ ಮತ್ತು ಮೇಯ್ನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ಬರೆದರು: ಹೋಗೋಣವೇ ಎಂದು ತೀರ್ಮಾನಿಸುವಲ್ಲಿ, ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ. ಮೊದಲ ಎರಡನ್ನು ತರಗತಿಯಲ್ಲೇ ಅಭ್ಯಾಸ ಮಾಡಿಸಬಹುದು. ‘ರಾತ್ರಿ ಎರಡು ಗಂಟೆ, ಮಳೆ, ಕರೆಂಟಿಲ್ಲ, ಇವರಿಗೆ ರಕ್ತ ಹೋಗ್ತಿದೆ. ಈಗ ಏನ್ಮಾಡ್ತೀರಿ?’ ಎಂದು ಕೇಳಿ ಸುಮ್ಮನೆ ನಿಲ್ಲಿ. 108ಕ್ಕೆ ಫೋನ್ ಎನ್ನುತ್ತಾರೆ. ಯಾರ ಫೋನಿನಿಂದ? ಮನೆಯ ಗುರುತು ಏನೆಂದು ಹೇಳುತ್ತೀರಿ? ತಾಯಿ ಕಾರ್ಡ್ ಎಲ್ಲಿದೆ? ರಕ್ತ ಕೊಡುವವರು ಯಾರು? ದೊಡ್ಡ ಮಗುವನ್ನು ಯಾರ ಮನೆಯಲ್ಲಿ ಬಿಡುತ್ತೀರಿ? ಚೊಚ್ಚಲ ಹೆರಿಗೆಯಲ್ಲಿ ಐದೈದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷದ ನೋವು, ಒಂದು ಗಂಟೆ ಕಾಲ ಬಂದರೆ ಹೊರಡಿ ಎಂಬ ಲೆಕ್ಕ ನಗರದ ತರಗತಿಗಳಲ್ಲಿ ಹೇಳುವಂಥದ್ದು. ಆಸ್ಪತ್ರೆ ಒಂದೂವರೆ ಗಂಟೆ ದೂರವಿರುವ ಮಲೆನಾಡಿನ ಮನೆಗೆ ಅದು ಸಲ್ಲದು. ಅಲ್ಲಿ ಇನ್ನೂ ಮೊದಲೇ ಹೊರಡಬೇಕು.

ಇಷ್ಟೆಲ್ಲ ಕಲಿತು ಮನೆಗೆ ಹೋದ ಬಸುರಿ ಕೊನೆಗೆ ಯಾರ ಮಾತು ಕೇಳಬೇಕಾಗುತ್ತದೆ? ಅಮ್ಮನದ್ದು, ಅತ್ತೆಯದ್ದು, ಅಜ್ಜಿಯದ್ದು. ಏಳನೇ ತಿಂಗಳಲ್ಲಿ ಸೀಮಂತ, ಉತ್ತರ ಕರ್ನಾಟಕದಲ್ಲಿ ಕುಬಸ, ಆಮೇಲೆ ತವರು. ಬಾಣಂತನದ ಯಜಮಾನಿಕೆ ಹಿರಿಯ ಹೆಂಗಸರ ಕೈಯಲ್ಲಿದೆ. ಅವರನ್ನು ಹೊರಗಿಟ್ಟು ಗಂಡ ಹೆಂಡತಿಗೆ ಮಾತ್ರ ಪಾಠ ಮಾಡುವುದು ಪಶ್ಚಿಮದ ಮಾದರಿ. ಅಲ್ಲಿಯ ಚಿಕ್ಕ ಸಂಸಾರಕ್ಕೆ ಅದು ಸರಿಹೊಂದುತ್ತದೆ. ನಮ್ಮ ತರಗತಿಯಲ್ಲಿ ಅತ್ತೆಗೆ ಚಾಪೆ ಹಾಕಲೇಬೇಕು. ಹಾಕಿದ ಮೇಲೆ ಅವರಿಗೆ ಗೌರವ ಕೊಟ್ಟು ಮಾತಾಡಲೇಬೇಕು. ಮೂಢನಂಬಿಕೆಗಳು ಎಂಬ ತಲೆಬರಹದ ಸ್ಲೈಡ್ ಹಾಕಿದ ಕ್ಷಣವೇ ಅವರು ಎದ್ದು ಹೋದಂತೆ, ಮೈ ಅಲ್ಲೇ ಕೂತಿದ್ದರೂ.

‘ಅಮ್ಮಾ, ನಿಮ್ಮ ಮನೆಯಲ್ಲಿ ಬಾಣಂತಿಗೆ ಏನೇನು ಮಾಡ್ತೀರಿ?’ ಎಂದು ಕೇಳಿ ಶುರುಮಾಡಿದರೆ ಪಾಠದ ಅರ್ಧ ಭಾಗ ಅವರೇ ಮಾಡಿಬಿಡುತ್ತಾರೆ. ಬಾಣಂತಿಗೆ ಮನೆಗೆಲಸವಿಲ್ಲ, ಬಿಸಿ ಊಟ ಕೂತಲ್ಲಿಗೇ ಬರುತ್ತದೆ, ಎಣ್ಣೆ ನೀವಿ ನೀರು ಹಾಕುತ್ತಾರೆ, ಮಗು ಸದಾ ಮಗ್ಗುಲಲ್ಲೇ ಇರುತ್ತದೆ. ಎಂಥ ಒಳ್ಳೆಯ ಪದ್ಧತಿ! ಇದನ್ನು ಬಾಯಿ ತುಂಬ ಹೊಗಳಬೇಕು, ಏಕೆಂದರೆ ಅದು ಹೊಗಳಿಕೆಗೆ ಅರ್ಹ. ಆಮೇಲೆ ನೀರಿನ ಮಾತಿಗೆ ಬರಬಹುದು. ಬಾಣಂತಿಗೆ ನೀರು ಕಡಿಮೆ ಕೊಡುವುದು ನಮ್ಮಲ್ಲಿ ಎಷ್ಟೋ ಕಡೆ ರೂಢಿ. ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬ ಕಾರಣಕ್ಕೆ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು, ನೀರಿಲ್ಲದೆ ಮಲಬದ್ಧತೆ, ಉರಿಮೂತ್ರ ಬರುತ್ತವೆ. ‘ಬಿಸಿನೀರೇ ಕೊಡಿ, ಜೀರಿಗೆ ಹಾಕಿ ಕುದಿಸಿ ಕೊಡಿ, ಆದರೆ ಬಾಯಾರಿದಷ್ಟೂ ಕೊಡಿ’ ಎಂದರೆ ಯಾವ ಅಜ್ಜಿಯೂ ಬೇಡ ಎನ್ನುವುದಿಲ್ಲ.

ಮೊದಲ ಹಾಲಿನ ವಿಷಯದಲ್ಲಿ ಹಟ್ಟಿಯ ಅನುಭವವೇ ದಾರಿ ತೋರಿಸುತ್ತದೆ. ಕರು ಹುಟ್ಟಿದ ಕೂಡಲೇ ಗಿಣ್ಣುಹಾಲು ಕುಡಿಯದಿದ್ದರೆ ಬಡಕಲಾಗುತ್ತದೆ ಎಂದು ದನ ಸಾಕಿದ ಪ್ರತಿ ಅಜ್ಜಿಗೂ ಗೊತ್ತು. ತಾಯಿಯ ಹಳದಿ ಹಾಲೂ ಮಗುವಿಗೆ ಅಂಥದ್ದೇ ಎಂದರೆ ಬೇರೆ ವಿವರಣೆ ಬೇಕಿಲ್ಲ. 2019–21ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ ಮಕ್ಕಳು ಶೇ. 41.8 ಮಾತ್ರ. ಮೊದಲ ಹಾಲಿಗೆ ಬದಲು ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು ಇಂದಿಗೂ ಇದೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಅಪಾಯ, ಅದರಲ್ಲಿರಬಹುದಾದ ಸೂಕ್ಷ್ಮಾಣುವಿನ ವಿಷದಿಂದ ಮಗುವಿನ ಸ್ನಾಯುಗಳೇ ಸೋಲಬಹುದು. ಇಲ್ಲಿ ಮಾತ್ರ ರಾಜಿಯ ದನಿ ಬೇಡ, ಸ್ಪಷ್ಟವಾಗಿ ಬೇಡ ಎನ್ನಬೇಕು. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುವುದಿಲ್ಲ, ಆದರೆ ಕುಡಿಯುವುದರಿಂದ ಕೇಡೂ ಇಲ್ಲ. ಅದಕ್ಕೆ ಜಗಳವಾಡಿ ಸಮಯ ಕಳೆಯುವುದು ವ್ಯರ್ಥ. ಯಾವುದನ್ನು ಬಿಟ್ಟುಕೊಡಬೇಕು, ಯಾವುದಕ್ಕೆ ಗಟ್ಟಿಯಾಗಿ ನಿಲ್ಲಬೇಕು ಎಂದು ತಿಳಿದಿರುವುದೇ ಒಳ್ಳೆಯ ಶಿಕ್ಷಕಿಯ ಗುಣ.

ಗುಂಪಾಗಿ ಕೂತು ಕಲಿಯುವುದರ ಬಗ್ಗೆ ನಮ್ಮ ದೇಶದಲ್ಲೇ ಗಟ್ಟಿ ಪುರಾವೆ ಹುಟ್ಟಿದೆ ಎಂಬುದನ್ನು ನಾವು ಮರೆಯುತ್ತೇವೆ. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿಗಳು ಹೆಚ್ಚಿರುವ ಜಿಲ್ಲೆಗಳಲ್ಲಿ ‘ಏಕ್‌ಜುಟ್’ ಎಂಬ ಸಂಸ್ಥೆ 2005ರಿಂದ 2008ರವರೆಗೆ ಹೆಂಗಸರ ಗುಂಪುಗಳನ್ನು ಕಟ್ಟಿ ತಿಂಗಳಿಗೊಮ್ಮೆ ಸಭೆ ನಡೆಸಿತು. ನಡೆಸಿದವಳು ಡಾಕ್ಟರಲ್ಲ, ನರ್ಸೂ ಅಲ್ಲ. ಅದೇ ಸೀಮೆಯ ಒಬ್ಬ ಹೆಂಗಸು. ಕೈಯಲ್ಲಿ ಚಿತ್ರದ ಕಾರ್ಡುಗಳು, ಕಥೆ, ಆಟ. ನಮ್ಮೂರಲ್ಲಿ ಬಾಣಂತಿಯರು, ಕೂಸುಗಳು ಯಾಕೆ ಸಾಯುತ್ತಿದ್ದಾರೆ ಎಂದು ಅವರೇ ಮಾತಾಡಿಕೊಂಡರು. ಅದಕ್ಕೆ ನಾವೇನು ಮಾಡಬಹುದು ಎಂದು ಅವರೇ ಗೊತ್ತು ಮಾಡಿದರು, ಮಾಡಿದರು, ಆಮೇಲೆ ಕೂತು ಏನಾಯಿತೆಂದು ನೋಡಿದರು. ಕೊನೆಯ ಎರಡು ವರ್ಷಗಳಲ್ಲಿ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು, ಗುಂಪುಗಳಿಲ್ಲದ ಹಳ್ಳಿಗಳಿಗಿಂತ ಶೇ. 45ರಷ್ಟು ಕಡಿಮೆಯಿತ್ತು. ಮೂರನೇ ವರ್ಷದ ಹೊತ್ತಿಗೆ ತಾಯಂದಿರ ಖಿನ್ನತೆಯೂ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ನೇಪಾಳದ ಮಕ್ವಾನ್‌ಪುರದಲ್ಲಿ ಇಂಥದೇ ಪ್ರಯೋಗದ ಫಲ 2004ರಲ್ಲೇ ಬಂದಿತ್ತು, ಅಲ್ಲಿ ಇಳಿಕೆ ಶೇ. 30. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಇಂಥ ಗುಂಪುಗಳಿಗೆ ಶಿಫಾರಸು ಮಾಡಿತು. ಹವಾನಿಯಂತ್ರಿತ ಸಭಾಂಗಣದ ಪರದೆಗೆ ಸಿಗದ ಬಲ ಮರದ ಕೆಳಗಿನ ಚಾಪೆಗೆ ಸಿಕ್ಕಿತು. ಹೇಳಿದ್ದನ್ನು ಸುಮ್ಮನೆ ಕೇಳಿಸಿಕೊಂಡು ಕೂರದೆ, ಆ ಹೆಂಗಸರು ತಮ್ಮ ಕಷ್ಟವನ್ನು ತಾವೇ ಬಿಡಿಸಿಕೊಂಡರು ಎಂಬುದೇ ಅದಕ್ಕೆ ಕಾರಣ ಎಂದು ನಾನು ನಂಬುತ್ತೇನೆ.

ಕರ್ನಾಟಕದಲ್ಲಿ ಇದಕ್ಕೆ ಜಾಗವೂ ಇದೆ, ಜನರೂ ಇದ್ದಾರೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದೆ. 2016ರಲ್ಲಿ ಶುರುವಾದ ಯೋಜನೆ ಅದು. ತಪಾಸಣೆ ಕೆಲವೇ ನಿಮಿಷದ್ದು, ಕಾಯುವುದು ಗಂಟೆಗಟ್ಟಲೆ. ಆ ಬೆಂಚಿನಲ್ಲಿ ಬಸುರಿಯ ಜೊತೆ ಅಮ್ಮನೋ ಅತ್ತೆಯೋ ಕೂತೇ ಇರುತ್ತಾರೆ. 2017ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಊಟಕ್ಕೆ ಬಸುರಿ ಬಾಣಂತಿಯರು ಅಂಗನವಾಡಿಗೆ ಬರುತ್ತಾರೆ. ಬಲೂನು, ಚೆಂಡು, ರಟ್ಟಿನ ಚೀಟಿಗೆ ದೊಡ್ಡ ಬಜೆಟ್ ಬೇಕಿಲ್ಲ. ಬೇಕಿರುವುದು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಕಾರ್ಯಕರ್ತೆಗೆ ಈ ರೀತಿ ಕಲಿಸುವ ತರಬೇತಿ, ಅದಕ್ಕೆ ತಕ್ಕ ಸಂಭಾವನೆ. ಈಗಾಗಲೇ ಹೊತ್ತಿರುವ ಹೊರೆಯ ಮೇಲೆ ಇದನ್ನೂ ಬಿಟ್ಟಿಯಾಗಿ ಹೇರುವುದು ಅನ್ಯಾಯ.

ತರಗತಿಯಿಂದಷ್ಟೇ ಆಗದ ಕೆಲಸವೂ ಒಂದಿದೆ. ಹೆರಿಗೆಯಲ್ಲಿ ಜೊತೆಗೊಬ್ಬರನ್ನು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರ ಫೆಬ್ರವರಿಯಲ್ಲೇ ಹೇಳಿದೆ. 2017ರ ಕೊನೆಗೆ ಬಂದ ‘ಲಕ್ಷ್ಯ’ ಯೋಜನೆಯಲ್ಲೂ ಅದು ಸೇರಿದೆ. ಆದರೂ ನಾಲ್ಕು ಮಂಚದ ನಡುವೆ ಪರದೆಯೂ ಇಲ್ಲದ ಹೆರಿಗೆ ಕೋಣೆಯಲ್ಲಿ ಸಿಸ್ಟರ್ ‘ಹೊರಗೆ ಹೋಗಿ’ ಎಂದರೆ, ಸೊಂಟ ಒತ್ತಲು ಕಲಿತು ಬಂದ ತಾಯಿ ಏನು ಮಾಡಿಯಾಳು? ಒಂದು ಪಾಳಿಗೆ ಒಬ್ಬಳೇ ಸಿಸ್ಟರ್ ಇರುವಲ್ಲಿ ಅವಳ ಕಷ್ಟವೂ ಕಷ್ಟವೇ. ಹೀಗಾಗಿ ತರಗತಿ ನಡೆಸುವವರು ಹೆರಿಗೆ ಕೋಣೆಯ ಸಿಸ್ಟರ್‌ಗಳನ್ನೂ ಕರೆದು ಕೂರಿಸಿಕೊಳ್ಳಬೇಕು. ಬಸುರಿಯರಿಗೆ ಮೊದಲೇ ಹೆರಿಗೆ ಕೋಣೆಯನ್ನು ತೋರಿಸಿ, ಸಿಸ್ಟರ್ ಹೆಸರು ಪರಿಚಯ ಮಾಡಿಸಿ, ಜೊತೆಗಾರರು ಎಲ್ಲಿ ನಿಲ್ಲಬೇಕು ಎಂದು ಅಲ್ಲೇ ಗೊತ್ತು ಮಾಡಿಕೊಂಡರೆ ಎಷ್ಟೋ ಜಗಳ ತಪ್ಪುತ್ತದೆ. ಪರದೆ ಕೊಡಿಸುವ ಕೆಲಸ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯದ್ದು, ಅದನ್ನು ಊರಿನವರು ಕೇಳಿ ಪಡೆಯಬೇಕು.

ಕೊನೆಯದಾಗಿ, ಮಗು ಹುಟ್ಟಿದ ಮೇಲೆ ಒಂದು ತರಗತಿ. ಇದನ್ನು ಇಡುವವರು ಬಹಳ ಕಡಿಮೆ. ಅಮೆರಿಕದ ಸಿಯಾಟಲ್‌ನಲ್ಲಿ ದಶಕಗಳ ಕಾಲ ಹೆರಿಗೆ ಪಾಠ ಮಾಡಿದ ಪೆನ್ನಿ ಸಿಮ್‌ಕಿನ್, ತಮ್ಮ ತರಗತಿಗೆ ಬಂದಿದ್ದ 20 ಹೆಂಗಸರನ್ನು 15–20 ವರ್ಷದ ನಂತರ ಹುಡುಕಿ ಮಾತಾಡಿಸಿದ್ದರು. ಆ ಹೆಂಗಸರು ಹೆರಿಗೆಯಾದಾಗಲೇ ಬರೆದಿಟ್ಟಿದ್ದರ ಜೊತೆ ಹೋಲಿಸಿದಾಗ ನೆನಪು ಅಚ್ಚಳಿಯದೆ ಉಳಿದಿತ್ತು. ನರ್ಸ್, ಡಾಕ್ಟರು ಆಡಿದ ಮಾತು, ತಮ್ಮನ್ನು ನಡೆಸಿಕೊಂಡ ರೀತಿ ಹಾಗೆಯೇ ಇತ್ತು. ಹಾಗಾಗಿ ಒಂದೂವರೆ ಎರಡು ತಿಂಗಳಾದ ಮೇಲೆ, ಮಗುವಿನ ಚುಚ್ಚುಮದ್ದಿಗೆ ಬಂದ ದಿನವೇ ಆ ಗುಂಪನ್ನು ಮತ್ತೆ ಕೂರಿಸಬೇಕು. ಪಾಠ ಬೇಡ. ‘ನಿಮಗೆ ಹೇಗಾಯ್ತು, ಹೇಳಿ’ ಎಂದರೆ ಸಾಕು. ಸರಿಯಾಗಿ ನಿದ್ದೆ ಬರುತ್ತಿಲ್ಲ, ಅಳು ಬರುತ್ತದೆ, ಮಗುವನ್ನು ಎತ್ತಲು ಮನಸ್ಸಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನು ಬಾಣಂತಿ ಚಾಳಿ ಎಂದು ತಳ್ಳಿಹಾಕದೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ತರಗತಿಯಲ್ಲಿ ಕಲಿತದ್ದು ಏನು ಉಪಯೋಗಕ್ಕೆ ಬಂತು, ಏನು ಬರಲಿಲ್ಲ, ಏನು ಹೇಳಿಕೊಟ್ಟಿರಲಿಲ್ಲ ಎಂದು ಅವರು ಹೇಳುವುದನ್ನು ಬರೆದುಕೊಂಡು, ಮುಂದಿನ ತಿಂಗಳ ಪಾಠವನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಅವರಲ್ಲಿ ಇಬ್ಬರು ಬಾಣಂತಿಯರನ್ನು ಹೊಸ ಬಸುರಿಯರ ಗುಂಪಿಗೆ ಮಗು ಸಮೇತ ಬರಲು ಕೇಳಿಕೊಳ್ಳಬೇಕು.